ಗಾಲಿ ಹೊರಗೆ ಬಂದರೆ ಭಾರ ಎಲ್ಲಿ ಬೀಳ್ತದ? ಬಂಡಿಯಿಂದ ಕಾರಿನವರೆಗೆ ಒಂದು ಅಗಲದ ಚರಿತ್ರೆ

ತೊಗರಿ ರಾಶಿ ಮುಗಿದ ದಿನಗಳು. ಮುದನಾಳದ ಹೋಟೆಲ್ ಮುಂದೆ ಒಂದು ಬಿಳಿ ಕಾರು ಬಂದು ನಿಂತಿತು. ನಮ್ಮೂರ ಹುಡುಗನದೇ. ಸಾಲ ಮಾಡಿ ತೊಗೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಮದುವೆಗೆ, ದೇವರಿಗೆ, ಯಾದಗಿರಿ ಕಲಬುರಗಿ ದವಾಖಾನೆಗೆ ಬಾಡಿಗೆಗೆ ಹೊಡೆಯುತ್ತಾನೆ. ಅವತ್ತು ಗಾಡಿ ನೋಡಿದವರೆಲ್ಲ ಒಂದು ಕ್ಷಣ ತಡೆದು ನಿಂತರು. ನಾಲ್ಕೂ ಗಾಲಿ ಮೈಯಿಂದ ಹೊರಗೆ ಬಂದಿದ್ದವು. ಕುಸ್ತಿಗೆ ಇಳಿದ ಪೈಲ್ವಾನ ಕಾಲು ಅಗಲಿಸಿ ನಿಂತ ಹಾಗೆ.

ಕಟ್ಟೆಯ ಮೇಲೆ ಕೂತಿದ್ದ ಬಡಿಗತನದ ಕಾಕಾ ಎದ್ದು ಬಂದು ಬಗ್ಗಿ ನೋಡಿದರು. ಅವರು ತಮ್ಮ ಕಾಲದಲ್ಲಿ ಈ ಸುತ್ತಿನ ಊರುಗಳಿಗೆ ಬಂಡಿ ಮಾಡಿಕೊಟ್ಟವರು.

"ಅಚ್ಚು ಉದ್ದ ಮಾಡ್ಸಿಯೇನು ತಮ್ಮಾ?"

"ಇಲ್ಲ ಕಾಕಾ. ಅಚ್ಚು ಅದೇ ಅದ. ಗಾಲಿಗೂ ಹಬ್ಬಿಗೂ ನಡುವ ಒಂದು ಬಿಲ್ಲಿ ಹಾಕ್ಯಾರ. ಸ್ಪೇಸರ್ ಅಂತಾರ. ಇಪ್ಪತ್ತೈದು ಎಂಎಂ."

"ಅಚ್ಚು ಅಷ್ಟೇ ಅದ, ಗಾಲಿ ಹೊರಗ ಬಂತು. ಹಂಗಾದ್ರ ಭಾರ ಎಲ್ಲಿ ಬೀಳ್ತದ?"

ಹುಡುಗ ನಕ್ಕು ಸುಮ್ಮನಾದ. ನನಗೆ ಮಾತ್ರ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಎರಡು ಗಾಲಿಗಳ ನಡುವೆ ಎಷ್ಟು ಜಾಗ ಇರಬೇಕು ಅನ್ನುವುದು ಹಳೆಯ ಪ್ರಶ್ನೆ. ಬಂಡಿಗೆ ಒಬ್ಬರು, ರೈಲಿಗೆ ಒಬ್ಬರು, ಟ್ರ್ಯಾಕ್ಟರಿಗೆ ಒಬ್ಬರು ಅದನ್ನು ತೀರ್ಮಾನಿಸಿದ್ದಾರೆ. ಆ ಅಗಲದ ಭಾರ ಹೊತ್ತವರು ಮಾತ್ರ ಬಹಳ ಸಲ ಬೇರೆಯವರೇ. ಆ ಕಥೆಯನ್ನು ಒಂದೊಂದಾಗಿ ನೋಡೋಣ.

ದಾರಿಯೇ ಅಳತೆಗೋಲು

ಸಿಂಧೂ ಬಯಲಿನ ಹರಪ್ಪಾದಲ್ಲಿ ನೆಲ ಅಗೆದಾಗ ಬಂಡಿ ಗಾಲಿಗಳ ಜಾಡು ಸಿಕ್ಕಿತು. ಎರಡು ಜಾಡಿನ ನಡುವಿನ ಅಂತರ ಸುಮಾರು ಮೂರೂವರೆ ಅಡಿ. ಆ ಅಗೆತದ ಕಾಲಕ್ಕೆ ಸಿಂಧ್ ಪ್ರಾಂತ್ಯದ ರೈತರು ಓಡಿಸುತ್ತಿದ್ದ ಬಂಡಿಗಳ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಅಳತೆ ಕದಲಲಿಲ್ಲ.

ಯಾಕೆ ಅನ್ನುವುದು ಎರೆ ಹೊಲದವರಿಗೆ ಬೇಗ ತಿಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕರಿಮಣ್ಣಿನ ದಾರಿಯಲ್ಲಿ ಒಂದು ಬಂಡಿ ಹೋದರೆ ಎರಡು ಕಾಲುವೆ ತೋಡಿದ ಹಾಗೆ ಜಾಡು ಬೀಳುತ್ತದೆ. ಬಿಸಿಲು ಬಿದ್ದ ಮೇಲೆ ಅದೇ ಜಾಡು ಕಲ್ಲಿನಂತೆ ಗಟ್ಟಿ. ಮುಂದಿನ ಬಂಡಿಯೂ ಅದರಲ್ಲೇ ನಡೆಯಬೇಕು. ಅಗಲ ನಾಲ್ಕು ಬೆರಳು ಹೆಚ್ಚಾದರೂ ಒಂದು ಗಾಲಿ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ. ಬಂಡಿ ವಾಲುತ್ತದೆ, ಎತ್ತಿನ ಕೊರಳಿಗೆ ನೊಗ ಒತ್ತುತ್ತದೆ. ಹಾಗಾಗಿ ಒಂದು ಸೀಮೆಯ ಬಡಿಗರೆಲ್ಲ ಒಂದೇ ಅಳತೆ ಹಿಡಿಯಬೇಕಿತ್ತು. ಅಂಥ ಕಾನೂನು ಯಾರೂ ಬರೆದಿರಲಿಲ್ಲ. ದಾರಿಯೇ ಅಳತೆಗೋಲಾಗಿತ್ತು.

"ಗಾಲಿ ಅಲುಗಾಡಬಾರದು ಅಂತ ನಾವೂ ಅಚ್ಚಿಗೆ ಬಿಲ್ಲಿ ಹಾಕ್ತಿದ್ವಿ" ಎಂದು ಕಾಕಾ ನೆನೆಸಿಕೊಂಡರು. "ಅದು ತೆಳ್ಳಂದು. ಅಗಲ ಮಾಡ್ಲಿಕ್ಕಲ್ಲ. ಅಗಲ ಬೇಕಂದ್ರ ಅಚ್ಚೇ ಹೊಸಾದು ಕೂಡ್ಸಬೇಕು."

ಈ ಮಾತಿನಲ್ಲಿ ಒಂದು ತತ್ವ ಇದೆ. ಬಂಡಿಯ ಭಾರ ಅಚ್ಚಿನ ಮೂಲಕ ಗುಂಬಕ್ಕೆ ಬರುತ್ತದೆ. ಗಾಲಿ ಕಳಚದಂತೆ ಹಿಡಿಯುವುದು ಅಚ್ಚಿನ ತುದಿಯ ಕಡೆಗೀಲು. ಗುಂಬ ಸವೆಯದಂತೆ ಕಾಯುವುದು ಕೀಲೆಣ್ಣೆ. ಗಾಲಿಯನ್ನು ಹೊರಗೆ ಸರಿಸಿದಷ್ಟೂ ಅಚ್ಚಿನ ತುದಿಗೆ, ಕೀಲಿಗೆ ಒತ್ತಡ ಹೆಚ್ಚು. ಕೀಲು ಮುರಿದರೆ ಬಂಡಿ ಮಗುಚಿಯೇ ಬೀಳುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆಗೋ, ಮೈಲಾಪುರ ಮಲ್ಲಯ್ಯನ ಜಾತ್ರೆಗೋ ಬಂಡಿ ಕಟ್ಟುವ ಮೊದಲು ಮನೆಯ ಹಿರಿಯರು ಕೀಲು ಮುಟ್ಟಿ ನೋಡುತ್ತಿದ್ದದ್ದು ಸುಮ್ಮನೆ ಅಲ್ಲ.

ಇನ್ನೊಂದು ಸಂಗತಿಯೂ ಇದೆ. ಬಂಡಿಗೆ ಹೂಡುವ ನೊಗ ಬೇರೆ, ಎಡೆ ಹೊಡೆಯುವ ನೊಗ ಬೇರೆ. ಎಡೆ ಹೊಡೆಯುವಾಗ ಎತ್ತುಗಳು ಸಾಲು ತುಳಿಯಬಾರದು, ಸಾಲಿನ ನಡುವೆಯೇ ಹೆಜ್ಜೆ ಇಡಬೇಕು. ಅದಕ್ಕೆ ಉದ್ದನೆಯ ನೊಗ. ಬೆಳೆಗೆ ತಕ್ಕಂತೆ ಅಗಲ ಬದಲಿಸುವ ಜಾಣತನ ನಮ್ಮ ಮುತ್ತಜ್ಜಂದಿರಿಗೆ ಗೊತ್ತಿತ್ತು. ಈ ಉದ್ದ ನೊಗ ಮುಂದೆ ಟ್ರ್ಯಾಕ್ಟರ್ ಕಥೆಯಲ್ಲಿ ಮತ್ತೆ ಬರುತ್ತದೆ.

ಐದೂವರೆ ಅಡಿಯ ರೈಲು

ಕಬ್ಬಿಣದ ಹಳಿ ಅಂದರೆ ನಮ್ಮಲ್ಲಿ ಎರಡು ಅರ್ಥ. ಬಂಡಿ ಗಾಲಿಗೆ ಕಾಯಿಸಿ ಹಾಕುವ ಪಟ್ಟಿಯೂ ಹಳಿಯೇ, ರೈಲು ಓಡುವುದೂ ಹಳಿಯ ಮೇಲೆಯೇ. ಎರಡನೆಯ ಹಳಿ ನಮ್ಮ ಸೀಮೆಗೆ ಬಂದಾಗ ಅದರ ಅಗಲವನ್ನು ತೀರ್ಮಾನಿಸಿದವರು ಈ ನೆಲವನ್ನು ನೋಡಿದವರಲ್ಲ.

ಇಂಗ್ಲೆಂಡಿನಲ್ಲಿ ರೈಲು ಹಳಿಯ ಅಗಲ 4 ಅಡಿ ಎಂಟೂವರೆ ಇಂಚು. ಭಾರತಕ್ಕೆ ಅದಕ್ಕಿಂತ ಅಗಲ ಬೇಕು ಅಂದವರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಒಬ್ಬ. ಅವನು ಕೇಳಿದ್ದು 6 ಅಡಿ. ಕೊನೆಗೆ ನಿಂತದ್ದು 5 ಅಡಿ 6 ಇಂಚು, ಅಂದರೆ 1676 ಮಿಲಿಮೀಟರ್. 1853ರ ಏಪ್ರಿಲ್ 16ರಂದು ಬಾಂಬೆಯಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ ದಾಟಿ ಆ ದಾರಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸ್ ಕಡೆಯ ರೈಲಿಗೆ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಅದರದೂ ಅದೇ ಅಗಲ.

ಅಗಲ ಹಳಿಯ ಗುಣ ಸುಲಭ. ಗಾಲಿಗಳು ದೂರ ಇದ್ದಷ್ಟೂ ಡಬ್ಬಿ ಗಟ್ಟಿಯಾಗಿ ನಿಲ್ಲುತ್ತದೆ, ಭಾರ ಹೆಚ್ಚು ಒಯ್ಯಬಹುದು. ಆದರೆ ಖರ್ಚೂ ಹೆಚ್ಚು. ದುಡ್ಡು ಉಳಿಸಲು 1870ರಲ್ಲಿ ಲಾರ್ಡ್ ಮೇಯೋ ಸರ್ಕಾರ ಮೀಟರ್ ಗೇಜ್ ತಂದಿತು. ಪಕ್ಕದ ವಿಜಯಪುರ, ಬಾಗಲಕೋಟೆ, ಗದಗ ದಾರಿ ಮೀಟರ್ ಗೇಜಿನದೇ ಆಯಿತು.

ಅದರ ಭಾರ ಹಮಾಲರ ಬೆನ್ನಿಗೆ ಬಿತ್ತು. ವಿಜಯಪುರದ ಕಡೆಯಿಂದ ಬಂದ ಜೋಳ, ಹತ್ತಿ, ಶೇಂಗಾ ಮುಂದಿನ ದೊಡ್ಡ ರೈಲಿಗೆ ಹೋಗಬೇಕಾದರೆ ಹೋಟಗಿ, ಸೊಲ್ಲಾಪುರದ ಕಡೆ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಎರಡು ಗೇಜ್ ಕೂಡುವಲ್ಲೆಲ್ಲ ದೇಶದ ತುಂಬ ಇದೇ ಪಾಡು. 1992ರಲ್ಲಿ ರೈಲ್ವೆ ಇಲಾಖೆ ದೇಶಕ್ಕೆಲ್ಲ ಒಂದೇ ಗೇಜ್ ಮಾಡುವ ಯೋಜನೆ ಹಿಡಿಯಿತು. ಸೊಲ್ಲಾಪುರ–ಗದಗ ದಾರಿ 2000ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಒಮ್ಮೆ ತಪ್ಪಾಗಿ ಹಿಡಿದ ಅಗಲವನ್ನು ತಿದ್ದಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಇವತ್ತು ನಮ್ಮದೇ ಜಿಲ್ಲೆಯ ಕಡೇಚೂರಿನಲ್ಲಿ ರೈಲ್ವೆಯ ಬೋಗಿ ಫ್ರೇಮ್ ಕಾರ್ಖಾನೆ ಇದೆ. ಡಬ್ಬಿಯ ಕೆಳಗೆ ಗಾಲಿ, ಅಚ್ಚುಗಳನ್ನು ಹಿಡಿದುಕೊಳ್ಳುವ ಉಕ್ಕಿನ ಚೌಕಟ್ಟಿಗೆ ಬೋಗಿ ಫ್ರೇಮ್ ಅನ್ನುತ್ತಾರೆ. ಲಂಡನ್ನಿನ ಕಚೇರಿಯಲ್ಲಿ ಒಪ್ಪಿದ 5 ಅಡಿ 6 ಇಂಚಿನ ಲೆಕ್ಕಕ್ಕೇ ಯಾದಗಿರಿ ನೆಲದಲ್ಲಿ ಇಂದು ಚೌಕಟ್ಟು ತಯಾರಾಗುತ್ತದೆ.

ರೈತನ ಕೈಗೆ ಬಂದ ಅಗಲ

ಅಗಲವನ್ನು ಮತ್ತೆ ರೈತನ ಕೈಗೆ ಕೊಟ್ಟದ್ದು ಟ್ರ್ಯಾಕ್ಟರ್.

ಮೊದಲ ಟ್ರ್ಯಾಕ್ಟರುಗಳು ನೇಗಿಲು ಎಳೆಯುವುದಕ್ಕೆ ಮಾತ್ರ ಆಗುತ್ತಿದ್ದವು. ಬೆಳೆ ಎದ್ದ ಮೇಲೆ ಹೊಲಕ್ಕೆ ಇಳಿದರೆ ಸಾಲು ತುಳಿದು ಹಾಳು ಮಾಡುತ್ತಿದ್ದವು. 1924ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಫಾರ್ಮಾಲ್ ಅನ್ನುವ ಟ್ರ್ಯಾಕ್ಟರ್ ತಂದಿತು. ಅದು ಸಾಲಿನ ಬೆಳೆಯ ನಡುವೆ ಓಡಾಡಲೆಂದೇ ಮಾಡಿದ ಯಂತ್ರ. 1939ರಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಮತ್ತು ಅಮೆರಿಕದ ಹೆನ್ರಿ ಫೋರ್ಡ್ ಸೇರಿ ತಂದ 9ಎನ್ ಟ್ರ್ಯಾಕ್ಟರಿನಲ್ಲಿ ಗಾಲಿಯ ಅಗಲವನ್ನು ರೈತನೇ ಬದಲಿಸಬಹುದಿತ್ತು. 48 ಇಂಚಿನಿಂದ 76 ಇಂಚಿನವರೆಗೆ, ನಾಲ್ಕು ನಾಲ್ಕು ಇಂಚಿನ ಎಂಟು ಹಂತ.

ಅದು ಹೇಗೆ ಅಂದರೆ, ಟ್ರ್ಯಾಕ್ಟರಿನ ಹಿಂದಿನ ಗಾಲಿಯಲ್ಲಿ ಎರಡು ಭಾಗ. ಟೈರ್ ಕೂಡುವ ರಿಮ್ ಒಂದು, ಅಚ್ಚಿಗೆ ಬೋಲ್ಟ್ ಆಗುವ ಡಿಸ್ಕ್ ಇನ್ನೊಂದು. ಡಿಸ್ಕ್ ತಾಟಿನ ಹಾಗೆ ಗುಳಿ ಬಿದ್ದಿರುತ್ತದೆ. ಗುಳಿ ಒಳಮುಖ ಇದ್ದರೆ ಒಂದು ಅಗಲ, ಹೊರಮುಖ ತಿರುಗಿಸಿದರೆ ಇನ್ನೊಂದು. ರಿಮ್ಮಿನ ಕಿವಿಗೆ ಡಿಸ್ಕನ್ನು ಒಳಗಿಂದ ಕಟ್ಟಿದರೆ ಒಂದು, ಹೊರಗಿಂದ ಕಟ್ಟಿದರೆ ಮತ್ತೊಂದು. ಹೀಗೆ ಎಂಟು. ಇದೇ ಫರ್ಗುಸನ್ ಮನೆತನದ ಟ್ರ್ಯಾಕ್ಟರ್ ಮುಂದೆ ಮ್ಯಾಸಿ ಫರ್ಗುಸನ್ ಹೆಸರಿನಲ್ಲಿ, 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಕಂಪನಿಯಿಂದ ನಮ್ಮ ಹೊಲಗಳಿಗೂ ಬಂತು. ನಮ್ಮ ಊರಿನಲ್ಲಿ ನಿಂತಿರುವ ಬೇರೆ ಕಂಪನಿಗಳ ಟ್ರ್ಯಾಕ್ಟರುಗಳಲ್ಲೂ ಈ ಡಿಸ್ಕ್, ರಿಮ್ ಉಪಾಯ ಕಾಣಬಹುದು.

ಇದರ ಲೆಕ್ಕ ಗೊತ್ತಿದ್ದರೆ ಬೆಳೆ ಉಳಿಯುತ್ತದೆ. ನಿಯಮ ಒಂದೇ: ಎರಡು ಗಾಲಿಯ ನಡುವಿನ ಅಳತೆ ಸಾಲಿನ ಅಂತರದಿಂದ ಸರಿಯಾಗಿ ಭಾಗವಾಗಬೇಕು. ತೊಗರಿ ಸಾಲು ಮೂರು ಅಡಿಗೆ ಇದ್ದರೆ ಗಾಲಿಯ ಅಗಲ ಆರು ಅಡಿ, ಅಂದರೆ 72 ಇಂಚು. ಆಗ ಎರಡು ಸಾಲು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ, ಗಾಲಿ ಎರಡೂ ಸಾಲಿನ ನಡುವೆ. ನಾಲ್ಕು ಅಡಿ ಸಾಲಿಗೆ 48 ಇಂಚು ಹೊಂದುತ್ತದೆ. ಅದೇ ಮೂರು ಅಡಿ ಸಾಲಿನ ಹೊಲಕ್ಕೆ 56 ಇಂಚಿನ ಗಾಲಿ ಇಳಿಸಿದರೆ ಒಂದಾದರೂ ಗಾಲಿ ಗಿಡದ ಮೇಲೆಯೇ ಹೋಗುತ್ತದೆ. ಮುತ್ತಜ್ಜನ ಉದ್ದ ನೊಗ ಮಾಡಿದ ಕೆಲಸವನ್ನೇ ಈ ಡಿಸ್ಕ್ ಮಾಡುತ್ತದೆ.

ಆದರೂ ತಂದ ದಿನದ ಅಗಲವನ್ನೇ ಮಾರುವ ದಿನದವರೆಗೂ ಇಟ್ಟುಕೊಳ್ಳುವವರು ಬಹಳ. ಗಾಲಿ ಬಿಚ್ಚಿ ತಿರುಗಿಸಲು ಅರ್ಧ ದಿನ, ಜಾಕು, ಇಬ್ಬರು ಆಳು ಬೇಕು. ಬಾಡಿಗೆ ಟ್ರ್ಯಾಕ್ಟರಿನವನಿಗೆ ದಿನಕ್ಕೊಂದು ಹೊಲ, ಹೊಲಕ್ಕೊಂದು ಸಾಲು. ಹಾಗಾಗಿ ಯಂತ್ರವನ್ನು ಸಾಲಿಗೆ ಹೊಂದಿಸುವ ಬದಲು ಸಾಲನ್ನೇ ಯಂತ್ರಕ್ಕೆ ಹೊಂದಿಸಿ ಬಿತ್ತುವುದು ರೂಢಿಯಾಗುತ್ತದೆ. ಹಿಂದೆ ದಾರಿ ಬಂಡಿಯ ಅಳತೆ ಹೇಳುತ್ತಿತ್ತು. ಈಗ ಟ್ರ್ಯಾಕ್ಟರ್ ಹೊಲದ ಅಳತೆ ಹೇಳುತ್ತದೆ.

ಕೆಸರಿಗೆ ಇಳಿದ ಕಬ್ಬಿಣದ ಗಾಲಿ

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಸೀಮೆಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಅದರ ಜೊತೆ ಟ್ರ್ಯಾಕ್ಟರಿಗೆ ಕೇಜ್ ವ್ಹೀಲ್ ಬಂತು. ಇದು ರಬ್ಬರ್ ಟೈರಿನ ಪಕ್ಕಕ್ಕೆ, ಇಲ್ಲವೇ ಅದರ ಬದಲಿಗೆ ಕಟ್ಟುವ ಕಬ್ಬಿಣದ ಪಂಜರದಂಥ ಗಾಲಿ. ಅಗಲ ಹೆಚ್ಚಾದ್ದರಿಂದ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ.

ಗದ್ದೆಯಲ್ಲಿ ಅದು ವರ. ಅದೇ ಗಾಲಿಯಲ್ಲಿ ಡಾಂಬರು ರಸ್ತೆಗೆ ಬಂದರೆ ರಸ್ತೆಗೆ ಶಾಪ. ಕಬ್ಬಿಣದ ಹಲ್ಲು ಡಾಂಬರನ್ನು ಕಿತ್ತು ತೆಗೆಯುತ್ತದೆ. ಬಿಚ್ಚಿ ಟ್ರಾಲಿಯಲ್ಲಿ ಹಾಕಿಕೊಂಡು ಹೋಗುವ ಬೇಸರಕ್ಕೆ ಹಾಗೇ ಓಡಿಸುವುದುಂಟು. ಇಲ್ಲಿ ಅಗಲದ ಲಾಭ ಒಬ್ಬನಿಗೆ, ಭಾರ ಊರಿನ ರಸ್ತೆಗೆ.

ಕಾರು ಕಾಲು ಅಗಲಿಸಿದ್ದು

ಇನ್ನು ಕಾರಿನ ಕಥೆ. ಓಟದ ಕಾರು ವೇಗವಾಗಿ ತಿರುವಿನಲ್ಲಿ ಹೊರಳಿದಾಗ ಭಾರವೆಲ್ಲ ಹೊರಗಿನ ಗಾಲಿಗಳ ಮೇಲೆ ಬೀಳುತ್ತದೆ. ಗಾಲಿಗಳು ದೂರ ಇದ್ದರೆ ಈ ಪಲ್ಲಟ ಕಡಿಮೆ. ಅದಕ್ಕೇ ಓಟದ ಕಾರುಗಳು ಕುಳ್ಳಗೆ, ಅಗಲವಾಗಿ ಇರುತ್ತವೆ.

ಇದನ್ನು ಮಾರಾಟದ ಮಾತಾಗಿ ಮಾಡಿದವರು ಅಮೆರಿಕದ ಪಾಂಟಿಯಾಕ್ ಕಂಪನಿಯವರು. 1959ರ ಮಾದರಿಯಲ್ಲಿ ಅವರು ಗಾಲಿಗಳ ಅಂತರವನ್ನು ಸುಮಾರು 5 ಇಂಚು ಹೆಚ್ಚಿಸಿ 'ವೈಡ್ ಟ್ರ್ಯಾಕ್' ಎಂದು ಜಾಹೀರಾತು ಕೊಟ್ಟರು. ಅಗಲ ನಿಂತ ಕಾರು ಗಟ್ಟಿ ಕಾರು ಅನ್ನುವ ಭಾವನೆ ಜನರ ಮನಸ್ಸಿನಲ್ಲಿ ಕೂತಿತು. 1970ರ ದಶಕದಲ್ಲಿ ಜರ್ಮನಿಯ ಪೋರ್ಷೆ 911 ಟರ್ಬೊ ಅಗಲ ಸೊಂಟದಿಂದಲೇ ಹೆಸರಾಯಿತು. ಆ ಕಂಪನಿ ತನ್ನ ಕೆಲವು 911 ಮಾದರಿಗಳಿಗೆ 5 ಮಿಮೀ ಸ್ಪೇಸರನ್ನು ತಾನೇ ಕೊಟ್ಟದ್ದೂ ಉಂಟು, ಅದಕ್ಕೆ ಹೊಂದುವ ಉದ್ದ ಬೋಲ್ಟಿನ ಜೊತೆಗೆ. ಅಂದರೆ ಸ್ಪೇಸರ್ ತಾನಾಗಿಯೇ ಕೆಟ್ಟ ವಸ್ತು ಅಲ್ಲ. ಯಾವ ಗಾಡಿಗೆ, ಎಷ್ಟು ದಪ್ಪ, ಯಾವ ಬೋಲ್ಟ್ ಅನ್ನುವುದೇ ಪ್ರಶ್ನೆ.

ನಮ್ಮೂರ ಬಿಳಿ ಕಾರಿಗೆ ಬರೋಣ. ಗಾಡಿಯ ತೂಕ 1,200 ಕೆಜಿ ಎಂದು ಹಿಡಿಯೋಣ. ಒಂದೊಂದು ಗಾಲಿಗೆ ಸುಮಾರು 300 ಕೆಜಿ, ಅಂದರೆ ಐವತ್ತು ಕೆಜಿಯ ಆರು ತೊಗರಿ ಚೀಲ. ಈ ಆರು ಚೀಲದ ಭಾರವನ್ನು 25 ಮಿಮೀ ಹೊರಗೆ ಸರಿಸಿದರೆ, ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಏಳೂವರೆ ಕೆಜಿ ನೇತುಹಾಕಿ ಬೇರಿಂಗನ್ನು ದಿನವೂ ತಿರುಚಿದ ಹಾಗೆ. ಅದೂ ಗಾಡಿ ನಿಂತಾಗ. ನಮ್ಮ ರಸ್ತೆಯ ಗುಂಡಿಗೆ ಬಿದ್ದಾಗ ಇದು ಎಷ್ಟೋ ಪಟ್ಟು. ಕಾಕಾನ ಪ್ರಶ್ನೆಗೆ ಉತ್ತರ ಇದು: ಭಾರ ಬೇರಿಂಗಿನ ಮೇಲೆ, ಬೋಲ್ಟಿನ ಮೇಲೆ ಬೀಳ್ತದ.

ಬದಲಿಗೆ ಸಿಗುವ ಲಾಭ ಎಷ್ಟು? ಒಂದು ಸಾಧಾರಣ ಕಾರಿನ ಗಾಲಿಗಳ ಅಂತರ 1,450 ಮಿಮೀ ಅಂದುಕೊಳ್ಳಿ. ಎರಡೂ ಬದಿಗೆ 20 ಮಿಮೀ ಸ್ಪೇಸರ್ ಹಾಕಿದರೆ 1,490 ಆಗುತ್ತದೆ. ನೂರಕ್ಕೆ ಮೂರು ಪಾಲೂ ಇಲ್ಲ. ಓಟದ ಮೈದಾನದಲ್ಲಿ ಅದಕ್ಕೆ ಬೆಲೆ ಇದೆ. ಯಾದಗಿರಿ–ಶಹಾಪುರ ರಸ್ತೆಯಲ್ಲಿ ಬಸುರಿ ಹೆಣ್ಣುಮಗಳನ್ನು ದವಾಖಾನೆಗೆ ಒಯ್ಯುವ ಗಾಡಿಗೆ ಇಲ್ಲ.

ಬೋಲ್ಟಿನದು ಇನ್ನೂ ಸೂಕ್ಷ್ಮ. ಸ್ಪೇಸರಿನಲ್ಲಿ ಎರಡು ಬಗೆ. ಒಂದು ಬರಿಯ ಬಿಲ್ಲೆ, ಹಳೆಯ ಬೋಲ್ಟ್ ಅದರ ಮೂಲಕವೇ ಹಾಯುತ್ತದೆ. ಬಿಲ್ಲೆ 5 ಮಿಮೀ ದಪ್ಪ ಇದ್ದರೆ ನಟ್ಟು ಹಿಡಿಯುವ ಎಳೆ 5 ಮಿಮೀ ಕಡಿಮೆಯಾಯಿತು, ಅಂದರೆ ಮೂರು ಸುತ್ತಿಗಿಂತ ಹೆಚ್ಚು. 12 ಮಿಮೀ ದಪ್ಪದ, ಒಂದೂವರೆ ಮಿಮೀ ಎಳೆಯ ಬೋಲ್ಟಿಗೆ ನಟ್ಟು ಎಂಟು ಸುತ್ತಾದರೂ ಹಿಡಿಯಬೇಕು ಅನ್ನುವುದು ಗ್ಯಾರೇಜಿನ ಸಾಮಾನ್ಯ ಲೆಕ್ಕ. ಇನ್ನೊಂದು ಬಗೆಯಲ್ಲಿ ದಪ್ಪ ಸ್ಪೇಸರನ್ನು ಮೊದಲು ಹಬ್ಬಿಗೆ ಬೋಲ್ಟ್ ಮಾಡಿ, ಅದರ ಮೇಲಿನ ಬೋಲ್ಟಿಗೆ ಗಾಲಿ ಕಟ್ಟುತ್ತಾರೆ. ಒಳಗಿನ ನಟ್ಟು ಸಡಿಲಾದರೆ ಗಾಲಿ ಬಿಚ್ಚುವ ತನಕ ಕಾಣುವುದೇ ಇಲ್ಲ. ಹಿಂದಿನವರು ಜಾತ್ರೆಗೆ ಮೊದಲು ಕಡೆಗೀಲು ಮುಟ್ಟಿ ನೋಡುತ್ತಿದ್ದರು. ಇಲ್ಲಿ ಕಡೆಗೀಲೇ ಗಾಲಿಯ ಹಿಂದೆ ಅಡಗಿ ಕೂತಿದೆ.

ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಮಾಲೀಕ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಒಪ್ಪಿಗೆ ಇಲ್ಲದ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತ ಆದಾಗ ವಿಮೆ ಕಂಪನಿಯವರು ಮೊದಲು ಕೇಳುವುದೂ ಇದನ್ನೇ. ಸಾಲದ ಮೇಲೆ ತಂದ ಬಾಡಿಗೆ ಗಾಡಿಗೆ ಈ ಒಂದು ಪ್ರಶ್ನೆ ಸಾಕು, ಮನೆ ಮುಳುಗಲು.

ಮತ್ತೆ ಕಟ್ಟೆಯ ಹತ್ತಿರ

ಎರಡು ತಿಂಗಳಿಗೆ ಆ ಕಾರಿನ ಮುಂದಿನ ಎಡಗಾಲಿಯಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ಮೆಕ್ಯಾನಿಕ್ ಗಾಲಿ ಬಿಚ್ಚಿ ನೋಡಿದ. ಬೇರಿಂಗ್ ಹೋಗಿತ್ತು. ಒಳಗಿನ ನಾಲ್ಕು ನಟ್ಟಿನಲ್ಲಿ ಒಂದು ಕೈಯಲ್ಲೇ ತಿರುಗುವಷ್ಟು ಸಡಿಲಾಗಿತ್ತು. ಹಿಂದಿನ ದಿನವಷ್ಟೇ ಅದೇ ಗಾಡಿಯಲ್ಲಿ ಏಳು ಜನ ಕಲಬುರಗಿಗೆ ಹೋಗಿ ಬಂದಿದ್ದರು. ಅದರಲ್ಲಿ ನಮ್ಮ ಅವ್ವನೂ ಇದ್ದಳು.

ಹುಡುಗ ನಾಲ್ಕೂ ಸ್ಪೇಸರ್ ತೆಗೆಸಿದ. ಈ ಕಥೆ ಬರೆಯಬಹುದೇ ಎಂದು ಕೇಳಿದೆ. "ಬರಿ ಅಣ್ಣಾ, ಹೆಸರು ಒಂದು ಹಾಕಬ್ಯಾಡ" ಅಂದ.

ಅವನನ್ನು ಬೈಯುವ ಮನಸ್ಸು ನನಗಿಲ್ಲ. ತನ್ನ ಗಾಡಿ ನಾಲ್ಕು ಜನರ ನಡುವೆ ಎದ್ದು ಕಾಣಲಿ ಅನ್ನುವ ಆಸೆ ಹೊಸದಲ್ಲ. ಎತ್ತಿನ ಕೋಡಿಗೆ ಬಣ್ಣ, ಹಿತ್ತಾಳೆ ಅಣಸು, ಕೊರಳಿಗೆ ಗೆಜ್ಜೆಸರ ಹಾಕಿದ ಊರು ನಮ್ಮದು. ಆದರೆ ಆ ಅಲಂಕಾರ ಯಾವುದೂ ಅಚ್ಚಿಗೆ ಭಾರ ಹೊರಿಸಲಿಲ್ಲ.

ಸ್ಪೇಸರ್ ಹಾಕಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಒಂದು ಗಾಲಿ ಬಿಚ್ಚಿಸಿ ಒಳಗಿನ ನಟ್ಟು ನೋಡಿ. ಗಾಡಿ ಓಡುವಾಗ ಗುಂಯ್ ಸದ್ದು ಇದ್ದರೆ, ಸ್ಟೇರಿಂಗ್ ನಡುಗುತ್ತಿದ್ದರೆ ಬಾಡಿಗೆ ನಿಲ್ಲಿಸಿ. ಟ್ರ್ಯಾಕ್ಟರ್ ಇದ್ದವರು ಬಿತ್ತುವ ಮೊದಲು ಟೇಪು ಹಿಡಿದು ಎರಡು ಗಾಲಿಯ ನಡುವಿನ ಅಳತೆ ತೆಗೆದು ಬರೆದಿಟ್ಟುಕೊಳ್ಳಿ. ಅಲ್ಲಿ ಅಗಲ ಬದಲಿಸುವ ಹಕ್ಕು ನಿಮ್ಮದೇ. ಕಂಪನಿಯೇ ಅದಕ್ಕೆ ತೂತು ಕೊರೆದು ಕೊಟ್ಟಿದೆ.

ಮೊನ್ನೆ ಆ ಕಾರು ಮತ್ತೆ ಹೋಟೆಲ್ ಮುಂದೆ ನಿಂತಿತ್ತು. ಕಾಕಾ ಹೋಗಿ ಬಗ್ಗಿ ನೋಡಿದರು. ಗಾಲಿಗಳು ಮೊದಲಿನ ಜಾಗಕ್ಕೆ ಹೋಗಿದ್ದವು. ಅವರು ಏನೂ ಅನ್ನಲಿಲ್ಲ. ಹುಡುಗ ತಾನೇ ಎದ್ದು ಅವರಿಗೆ ಒಂದು ಚಾ ಹೇಳಿದ.